ದಾಳಕ್ಕೆ ಸಾಹೇಬರ ಗುರುತಿಲ್ಲ

ಟೈಪ್ ಮಾಡುತ್ತಿರುವ ಮನುಷ್ಯನನ್ನು ಯಾರೂ ಏನೂ ಕೇಳುವುದಿಲ್ಲ. ಸುಮ್ಮನೆ ಕೂತವನನ್ನು ಕೇಳುತ್ತಾರೆ, ಕಿಟಕಿಯಾಚೆ ನೋಡುವವನನ್ನು ಕೇಳುತ್ತಾರೆ, ಫೋನಿನಲ್ಲಿ ನಗುವವನನ್ನಂತೂ ಕ್ಯಾಬಿನ್ನಿಗೇ ಕರೆಸಿ ಕೇಳುತ್ತಾರೆ. ಕೀಬೋರ್ಡಿನ ಮೇಲೆ ಬೆರಳು ಓಡುತ್ತಿದ್ದರೆ ಮಾತ್ರ ಅವನು ಕಂಪನಿಯ ಆಸ್ತಿ. ಅವನು ಗಿರಾಕಿಗೆ ಉತ್ತರ ಬರೆಯುತ್ತಿದ್ದಾನೋ, ಗುಹೆಯೊಳಗೆ ರಾಕ್ಷಸನ ಜೊತೆ ಹೊಡೆದಾಡುತ್ತಿದ್ದಾನೋ, ದೂರದಿಂದ ನೋಡಿದರೆ ತಿಳಿಯುವುದಿಲ್ಲ. ನಮ್ಮ ಆಟ ಬದುಕಿದ್ದು ಈ ಒಂದು ಅನುಕೂಲದಿಂದ.

ನಮ್ಮ ಕಂಪನಿ ಬಟ್ಟೆ ಒಗೆಯುವ ಯಂತ್ರ ಮಾಡುತ್ತದೆ. ಯಂತ್ರ ಕೆಡುತ್ತದೆ. ಕೆಟ್ಟಾಗ ಜನ ಬೈಯುತ್ತಾರೆ. ಮೊದಲು ಫೋನಿನಲ್ಲಿ ಬೈಯುತ್ತಿದ್ದರು. ಬೈಸಿಕೊಂಡವರು ಅಳುತ್ತಾ ಕೂರುತ್ತಾರೆ, ಅದರಿಂದ ಕೆಲಸ ಹಾಳು ಎಂದು ಮೇಲಿನ ಯಾವುದೋ ಬುದ್ಧಿವಂತರಿಗೆ ಹೊಳೆದು, ಬೈಗುಳವನ್ನೆಲ್ಲ ಬರವಣಿಗೆಗೆ ಬದಲಾಯಿಸಿದರು. ಈಗ ಗಿರಾಕಿ ಟೈಪ್ ಮಾಡಿ ಬೈಯುತ್ತಾನೆ, ನಾವು ಟೈಪ್ ಮಾಡಿ ವಿಷಾದಿಸುತ್ತೇವೆ. ದೂರು ವಿಭಾಗವೆಂದರೆ ಒಂದು ಉದ್ದನೆಯ ಕೋಣೆ, ಎದೆಯೆತ್ತರದ ಅಡ್ಡಹಲಗೆಗಳು, ತುದಿಯಲ್ಲಿ ಸಾಹೇಬರ ಗಾಜಿನ ಕ್ಯಾಬಿನ್. ಮಾತಿಲ್ಲ, ಕತೆಯಿಲ್ಲ, ಕೀಲಿಗಳ ಸದ್ದೊಂದೇ. ಊಟವಾದ ಮೇಲೆ ಗಿರಾಕಿಗಳಿಗೂ ತೂಕಡಿಕೆ ಬರುತ್ತದೋ ಏನೋ, ದೂರು ಕಡಿಮೆಯಾಗುತ್ತದೆ. ಆಗ ನಾವು ಆಫೀಸಿನ ಚಾಟ್‌ನಲ್ಲೇ ಇನ್ನೊಂದು ಕಿಟಕಿ ತೆರೆದು ಆಟಕ್ಕೆ ಕೂರುತ್ತಿದ್ದೆವು.

ಆಟ ಸುಲಭ. ನಾನು ಸೂತ್ರಧಾರಿ. ಕಾಡು, ಕೋಟೆ, ಕಳ್ಳರು, ಸೇತುವೆ ಎಲ್ಲವನ್ನೂ ಬರೆದು ಮುಂದಿಡುವುದು ನನ್ನ ಕೆಲಸ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ‘ನಿಮ್ಮೆದುರು ಕಬ್ಬಿಣದ ಬಾಗಿಲು, ಏನು ಮಾಡುತ್ತೀರಿ?’ ಎಂದು ನಾನು ಕೇಳುತ್ತೇನೆ, ಒಬ್ಬರು ಒದೆಯುತ್ತಾರೆ, ಇನ್ನೊಬ್ಬರು ತಟ್ಟುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎನ್ನುವುದನ್ನು ಹೇಳಲು ಚಾಟ್‌ನಲ್ಲೇ ಒಂದು ಯಂತ್ರದ ದಾಳ ಇದೆ. ಕೇಳಿದರೆ ಒಂದರಿಂದ ಇಪ್ಪತ್ತರವರೆಗಿನ ಯಾವುದಾದರೂ ಅಂಕಿಯನ್ನು ಎಲ್ಲರ ಕಣ್ಣೆದುರಿಗೇ ಉದುರಿಸುತ್ತದೆ. ದೊಡ್ಡದು ಬಂದರೆ ಗೆದ್ದಿರಿ, ಚಿಕ್ಕದು ಬಂದರೆ ಸೋತಿರಿ, ಒಂದು ಬಂದರೆ ನಿಮ್ಮ ಗತಿ ಶತ್ರುವಿಗೂ ಬೇಡ. ಅಂಕಿ ಏನು ಹೇಳಿತೋ ಅದನ್ನು ಕತೆಯಾಗಿ ಬರೆಯುವುದು ಮತ್ತೆ ನನ್ನ ಪಾಲಿಗೆ. ಈ ಆಟದಲ್ಲಿ ನನಗಿದ್ದ ಹೆಮ್ಮೆ ಒಂದೇ. ಬಂದ ಅಂಕಿಗೆ ನಾನು ಎಂದೂ ಮೋಸ ಮಾಡಿದವಳಲ್ಲ.

ಆಡುವವರು ಇಬ್ಬರು. ಒಬ್ಬರು ಗೊಣಗಪ್ಪನವರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಅದನ್ನು ಅವರೇ ಮರೆತಿರಬೇಕು. ನಿವೃತ್ತಿಯ ಅಂಚಿನಲ್ಲಿದ್ದಾರೆ, ಆಫೀಸಿನ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವರಲ್ಲ, ಆಟದಲ್ಲಿ ಮಾತ್ರ ಕಳ್ಳನ ಪಾತ್ರವೇ ಬೇಕು. ಅದೂ ಎಂಥ ಕಳ್ಳ! ಕದ್ದ ಮಾಲನ್ನು ಸಂಜೆಯೊಳಗೆ ವಾಪಸು ಇಟ್ಟು ಬರುವ ಕಳ್ಳ.

ಇನ್ನೊಬ್ಬರು ನನ್ನ ಅತ್ತಿಗೆ. ಸ್ವಂತ ಅಣ್ಣನ ಹೆಂಡತಿ. ನಾನು ಕರೆಯುವುದನ್ನು ಕೇಳಿ ಕೇಳಿ ಇಡೀ ವಿಭಾಗವೇ ಅವರನ್ನು ಅತ್ತಿಗೆ ಅನ್ನುತ್ತದೆ. ಅಣ್ಣ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿದ್ದ. ಯಾರದೋ ಬೀರು ಮೂರನೇ ಮಹಡಿಯಿಂದ ಇಳಿಸುವಾಗ ಸೊಂಟ ಹೋಯಿತು. ಬೀರುವಿಗೆ ಒಂದು ಗೀರೂ ಬೀಳಲಿಲ್ಲವಂತೆ, ಮಾಲೀಕರು ಬಹಳ ಸಂತೋಷಪಟ್ಟರಂತೆ. ಅಂದಿನಿಂದ ಅಣ್ಣ ನಮ್ಮ ಹಾಲ್‌ನ ಸೋಫಾದಲ್ಲಿ ಖಾಯಂ, ಅತ್ತಿಗೆ ನಮ್ಮ ಆಫೀಸಿನಲ್ಲಿ ತಾತ್ಕಾಲಿಕ. ಅತ್ತಿಗೆಯ ಕೆಲಸ ಖಾಯಂ ಆದರೆ ಮನೆಯವರ ಆಸ್ಪತ್ರೆ ಖರ್ಚು ಕಂಪನಿಯದು. ಆಗ ಸೊಂಟದ ಆಪರೇಷನ್ ಆಗುತ್ತದೆ, ಅಣ್ಣ ಎದ್ದು ನಡೆಯುತ್ತಾನೆ. ಆಗದಿದ್ದರೆ ಸೋಫಾ ಇದೆ. ಲೆಕ್ಕ ಇಷ್ಟೇ. ಅತ್ತಿಗೆ ಬಂದು ವರ್ಷಗಳೇ ಆದವು. ಅವರ ನಂತರ ಬಂದ ನೀರಿನ ಫಿಲ್ಟರ್ ಕೂಡ ಗೋಡೆಗೆ ಮೊಳೆ ಹೊಡೆಸಿಕೊಂಡು ಖಾಯಂ ಆಯಿತು. ಅತ್ತಿಗೆಗೆ ಮಾತ್ರ ‘ಮುಂದಿನ ಸಲ ನೋಡೋಣ.’

ಆಫೀಸಿನಲ್ಲಿ ಅತ್ತಿಗೆ ಎಲ್ಲರಿಗೂ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಡೆಯುವವರು. ಆಟದಲ್ಲಿ ಅವರ ಹೆಸರು ಕೊಡಲಿ. ಬಾಗಿಲು ಕಂಡರೆ ಬಗ್ಗಿ ಒಳಗೆ ಹೋಗಬೇಕಾದಷ್ಟು ಎತ್ತರದ ಹೆಂಗಸು. ಗೊಣಗಪ್ಪನವರ ಕಳ್ಳ ‘ಒಳಗೆ ಏನಿದೆಯೋ, ಎತ್ತ ಇದೆಯೋ’ ಎಂದು ಯೋಚಿಸುತ್ತಿರುವಾಗಲೇ ‘ಕೊಡಲಿ ಬಾಗಿಲು ಒಡೆದಳು’ ಎಂದು ಬಂದಿರುತ್ತಿತ್ತು. ಒಮ್ಮೆ ಸೇನಾಪತಿಯೊಬ್ಬ ಅಡ್ಡ ನಿಂತು ‘ನಾನು ಯಾರು ಗೊತ್ತಾ?’ ಎಂದಾಗ ಕೊಡಲಿ ಹೇಳಿದ್ದು: ‘ಗೊತ್ತಿಲ್ಲ. ಸ್ವಲ್ಪ ಸರಿ, ಗಾಳಿ ಬರಲಿ.’ ಅಂಥ ಮಾತು ಅತ್ತಿಗೆಯ ಬೆರಳಿನಿಂದ ಬರುತ್ತಿದ್ದುದನ್ನು ನೋಡಲೆಂದೇ ನಾನು ಹೊಸ ಹೊಸ ಸೇನಾಪತಿಗಳನ್ನು ಹುಟ್ಟಿಸುತ್ತಿದ್ದೆ.

ಆಟ ಕೆಟ್ಟದ್ದು ನನ್ನಿಂದಲೇ. ಒಂದು ಮಧ್ಯಾಹ್ನ ಆಟದ ಕಿಟಕಿಗೆ ಹೋಗಬೇಕಾದ ಮಾತು ಗಿರಾಕಿಯ ಕಿಟಕಿಗೆ ಹೋಯಿತು. ಯಂತ್ರ ಸರಿಯಿಲ್ಲ ಎಂದು ಬರೆದಿದ್ದ ಒಬ್ಬ ಗೃಹಿಣಿಗೆ ನಾನು ಕಳಿಸಿದ್ದು ಹೀಗಿತ್ತು: ‘ನೀರು ಕುದಿಯತೊಡಗುತ್ತದೆ. ಒಳಗಿನಿಂದ ಏನೋ ಗುಡುಗುತ್ತಾ ಮೇಲೇಳುತ್ತಿದೆ. ಏನು ಮಾಡುತ್ತೀರಿ?’

ಆಕೆ ಉತ್ತರಿಸಿದರು: ‘ಹಾಂ, ಕರೆಕ್ಟ್! ಹಾಗೇ ಗುಡುಗತ್ತೆ! ನಾನು ಹೆದರಿ ಪ್ಲಗ್ ಕಿತ್ತುಬಿಟ್ಟೆ.’

ನನಗೆ ಇನ್ನೂ ಎಚ್ಚರವಾಗಿರಲಿಲ್ಲ. ‘ಒಳ್ಳೆಯ ನಿರ್ಧಾರ. ಬದುಕಿದಿರಿ,’ ಎಂದು ಬರೆದೆ.

ಆಕೆ ಐದಕ್ಕೆ ಐದು ನಕ್ಷತ್ರ ಕೊಟ್ಟು, ‘ಇಷ್ಟು ವರ್ಷದಲ್ಲಿ ನನ್ನ ಕಷ್ಟವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಇವರೊಬ್ಬರೇ’ ಎಂದು ಕೆಳಗೆ ಬರೆದರು. ನಮ್ಮ ವಿಭಾಗಕ್ಕೆ ಐದು ನಕ್ಷತ್ರ ಬಂದದ್ದು ಅದೇ ಮೊದಲು. ಸಾಹೇಬರಿಗೆ ಅನುಮಾನ ಬಂದದ್ದೂ ಅದರಿಂದಲೇ. ನನ್ನ ಚಾಟ್‌ಗಳನ್ನೆಲ್ಲ ತೆರೆಸಿ ಓದಿ, ಕ್ಯಾಬಿನ್ನಿಗೆ ಕರೆಸಿದರು.

‘ಏನ್ರೀ ಇದು? ಕೊಡ್ಲಿ ಅಂತೆ, ಕಳ್ಳ ಅಂತೆ!’

ಕೆಲಸ ಹೋದರೆ ಮನೆಯಲ್ಲಿ ಇನ್ನೊಂದು ಸೋಫಾಕ್ಕೆ ಜಾಗ ಎಲ್ಲಿ ಎಂದು ಯೋಚಿಸುತ್ತಿದ್ದೆ. ಸಾಹೇಬರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಗ್ಗಿದರು. ದನಿ ತಗ್ಗಿಸಿದರು.

‘ಇದಕ್ಕೆ ಯಾರ್ ಬೇಕಾದ್ರೂ ಸೇರ್ಬಹುದಾ?’

ಹೀಗೆ ಬಂದರು ಸಾಹೇಬರು. ಆಟದಲ್ಲಿ ಎಲ್ಲರೂ ಬರಿಗೈಯಲ್ಲಿ, ದಾರಿಹೋಕರಾಗಿ ಶುರು ಮಾಡಬೇಕು ಎಂದು ಹೇಳಿದೆ. ಅವರು ಒಪ್ಪಲಿಲ್ಲ. ಚಕ್ರವರ್ತಿಯೇ ಆಗಬೇಕಂತೆ.

‘ಸಾರ್, ಸಾಮ್ರಾಜ್ಯ ಎಲ್ಲಿದೆ ಅಂತ ಬರೀಲಿ?’

‘ರಜೆ ಮೇಲೆ ಬಂದಿದೀನಿ ಅಂತ ಬರೀರಿ.’

ಇದು ಇಲ್ಲಿಗೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಅದೇ ತಿಂಗಳು ತಾತ್ಕಾಲಿಕ ನೌಕರರ ಶಿಫಾರಸು ಮೇಲಿನ ಆಫೀಸಿಗೆ ಹೋಗುವುದಿತ್ತು. ಅತ್ತಿಗೆಯ ಹೆಸರು ಅದರಲ್ಲಿತ್ತು. ಯೋಗ್ಯರೋ ಅಲ್ಲವೋ ಎಂದು ಬರೆಯುವ ಕೈ ಸಾಹೇಬರದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ನೀರಿನ ಫಿಲ್ಟರ್ ಹತ್ತಿರ ಗೊಣಗಪ್ಪನವರು ನಮ್ಮಿಬ್ಬರನ್ನೂ ಸೇರಿಸಿ ಉಪಾಯ ಹೇಳಿದರು. ‘ನೋಡ್ರಮ್ಮಾ, ಇದು ತಾನಾಗೇ ಬಂದಿರೋ ಅವಕಾಶ. ಗಾಳಿ ಬಂದಾಗ ತೂರ್ಕೋಬೇಕು. ಸಾಹೇಬ್ರನ್ನ ಗೆಲ್ಲಿಸಿ. ಬರೀ ಗೆಲ್ಲಿಸಿದ್ರೆ ಸಾಲ್ದು, ಅವ್ರು ಅತ್ತಿಗೇನ ಕಾಪಾಡ್ಬೇಕು. ನಾವ್ ಕಾಪಾಡಿದವ್ರ ಮೇಲೆ ನಮಗೆ ಮಮತೆ ಬರತ್ತೆ. ಬೀದಿ ನಾಯಿ ಮರೀನ ಮೋರಿಯಿಂದ ಎತ್ತಿದ್ರೆ ಆಮೇಲೆ ಬಿಟ್ಟು ಹೋಗಕ್ಕಾಗತ್ತಾ?’

‘ನಾನು ನಾಯಿ ಮರೀನಾ?’ ಅಂದರು ಅತ್ತಿಗೆ.

‘ಮಾತಿಗ್ ಹೇಳ್ದೆ.’

‘ಬೇಡ ಕಣೇ,’ ಅತ್ತಿಗೆ ನನ್ನ ಕಡೆ ತಿರುಗಿದರು. ‘ಬೆಳಗ್ಗಿಂದ ಸಂಜೆವರೆಗೂ ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಅಲ್ಲೊಂದ್ ಕಡೆ ನೆಟ್ಟಗೆ ನಿಂತ್ಕೋತೀನಿ. ಅದನ್ನೂ ತಗೋಬೇಡ.’

‘ಆರ್ಡರ್ ಬರೋವರೆಗೂ ಅಷ್ಟೇ ಅತ್ತಿಗೆ. ಆಮೇಲೆ ಸಾಹೇಬ್ರನ್ನ ನೀವೇ ಕಡಿದು ಹಾಕಿ, ನಾನು ಬೇಡ ಅನ್ನಲ್ಲ. ಅಣ್ಣನ್ನ ನೆನೆಸ್ಕೊಳ್ಳಿ.’

ಅಣ್ಣನ ಹೆಸರು ತೆಗೆದ ಮೇಲೆ ಅತ್ತಿಗೆ ಲೋಟ ತೊಳೆದು ಮಗುಚಿಟ್ಟು ಹೋದರು.

ಸಾಹೇಬರ ಆಟ ಶುರುವಾಯಿತು. ನಾವೆಲ್ಲ ‘ನುಗ್ಗಿದೆ, ಹೊಡೆದೆ’ ಎಂದು ಬರೆಯುವವರು. ಅವರು ಬರೆದದ್ದು: ‘ಸದರಿ ರಾಕ್ಷಸನ ವಿರುದ್ಧ ಸೂಕ್ತ ಕ್ರಮ ಜರುಗಿಸಲು ತೀರ್ಮಾನಿಸಿರುತ್ತೇನೆ.’

‘ಕತ್ತಿಯಲ್ಲಿ ಹೊಡೆಯುತ್ತೀರಾ ಸಾರ್?’ ಎಂದು ಕೇಳಿದೆ.

‘ಕ್ರಮವೆಂದರೆ ಕತ್ತಿ ಎಂದೇ ಭಾವಿಸತಕ್ಕದ್ದು.’

ದಾಳ ಹಾಕಿದರು. ಒಂದು ಬಿತ್ತು. ದಾಳಕ್ಕೆ ಸಾಹೇಬರು ಯಾರು, ಜವಾನ ಯಾರು ಎನ್ನುವ ವಿವೇಚನೆ ಇಲ್ಲ, ಅದಕ್ಕೆ ಬಡ್ತಿ ಬೇಕಾಗಿಲ್ಲವಲ್ಲ! ಗಾಜಿನ ಕ್ಯಾಬಿನ್ನಿನ ಕಡೆ ನೋಡಿದೆ. ಸಾಹೇಬರ ಮುಖ ಪರದೆಯ ಬೆಳಕಿನಲ್ಲಿ ಮಗುವಿನ ಮುಖದ ಹಾಗೆ ಕಾಯುತ್ತಿತ್ತು. ನಾನು ಬರೆದೆ: ‘ಚಕ್ರವರ್ತಿಗಳ ಕಾಲು ಜಾರಿತು. ಜಾರಿದ ರಭಸಕ್ಕೆ ಕಿರೀಟ ಹಾರಿ, ಆಕಳಿಸುತ್ತಿದ್ದ ರಾಕ್ಷಸನ ಗಂಟಲಲ್ಲಿ ಸಿಕ್ಕಿಕೊಂಡಿತು. ರಾಕ್ಷಸ ಉಸಿರುಕಟ್ಟಿ ಸತ್ತ.’

‘ನಿರೀಕ್ಷಿತವೇ,’ ಎಂದು ಉತ್ತರ ಬಂತು.

ಆಮೇಲೆ ನನಗೆ ನಾಚಿಕೆ ಬಿಟ್ಟೇ ಹೋಯಿತು. ಎರಡು ಬಿದ್ದರೆ ಸಾಹೇಬರ ಕತ್ತಿ ಗುರಿ ತಪ್ಪಿ ಮರಕ್ಕೆ ತಾಗಿ, ಮರ ಶತ್ರುಸೈನ್ಯದ ಮೇಲೆ ಉರುಳುತ್ತಿತ್ತು. ಮೂರು ಬಿದ್ದರೆ ಅವರ ಸೀನಿಗೆ ಕೋಟೆಯ ಬಾಗಿಲು ತೆರೆಯುತ್ತಿತ್ತು. ಅವರನ್ನು ಸೋಲಿಸುವುದಕ್ಕೆ ದಾಳ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಅತ್ತ ಕೊಡಲಿಯ ಕತೆಯೇ ಬೇರೆ. ಅವಳು ಬೀಳಬೇಕು, ಚಕ್ರವರ್ತಿ ಎತ್ತಬೇಕು. ಹಳ್ಳಕ್ಕೆ ಬೀಳಿಸಿದೆ. ಬಲೆಗೆ ಬೀಳಿಸಿದೆ. ಉಪ್ಪಿನ ಮೂಟೆಯ ಕೆಳಗೆ ಸಿಕ್ಕಿಸಿದೆ. ಒಮ್ಮೆ ಅತ್ತಿಗೆ ಒಬ್ಬ ಕಾವಲುಗಾರನ ಮೇಲೆ ಏರಿ ಹೋಗಿ ದಾಳ ಹಾಕಿದಾಗ ಹತ್ತೊಂಬತ್ತು ಬಂತು. ನಾನು ಬರೆದದ್ದು: ‘ಕೊಡಲಿ ಬೀಸಿದ ರಭಸಕ್ಕೆ ಅವಳೇ ಗಿರಗಿರ ತಿರುಗಿ ಬಾವಿಗೆ ಬಿದ್ದಳು.’

ನನಗೊಬ್ಬಳಿಗೇ ಕಾಣುವ ಹಾಗೆ ಅತ್ತಿಗೆಯ ಸಂದೇಶ ಬಂತು. ‘ಹತ್ತೊಂಬತ್ತು ಬಿದ್ದಿತ್ತು ಕಣೇ.’

‘ನೋಡಿದೆ. ಈಗ ಸಾಹೇಬರನ್ನು ಕೂಗಿ.’

ಸ್ವಲ್ಪ ತಡವಾಗಿ ಎಲ್ಲರ ಕಿಟಕಿಯಲ್ಲೂ ಬಂತು: ‘ಚಕ್ರವರ್ತಿಗಳೇ, ಕಾಪಾಡಿ.’

‘ಬಾವಿಯ ಸ್ಥಳ ಪರಿಶೀಲನೆಗಾಗಿ ಖುದ್ದಾಗಿ ತೆರಳುತ್ತಿದ್ದೇನೆ,’ ಎಂದರು ಚಕ್ರವರ್ತಿಗಳು.

ಮನೆಯಲ್ಲಿ ಅತ್ತಿಗೆ ಈ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಮೊದಲು ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ‘ನಾಳೆ ಆ ಬಾಗಿಲ ಹಿಂದೆ ಏನಿಟ್ಟಿದೀಯೇ, ಹೇಳೇ’ ಎಂದು ನನ್ನ ತಲೆ ತಿನ್ನುತ್ತಿದ್ದವರು ಈಗ ಕಿಟಕಿಗೆ ತಲೆ ಆನಿಸಿ ಕೂರುತ್ತಿದ್ದರು. ಅಣ್ಣ ದಿನಾ ಸೋಫಾದಿಂದ ಕತ್ತು ಮಾತ್ರ ತಿರುಗಿಸಿ, ‘ಆರ್ಡರ್ ಬಂತಾ?’ ಎಂದು ಕೇಳುತ್ತಿದ್ದ.

‘ಬರತ್ತೆ ಕಣೋ, ಎಲ್ಲಾ ನನ್ ಕೈಲಿದೆ,’ ಅನ್ನುತ್ತಿದ್ದೆ ನಾನು. ಅಷ್ಟು ಧಿಮಾಕು.

ಶಿಫಾರಸು ಹೋಗಬೇಕಾದ ದಿನ ಬೆಳಗ್ಗೆ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಕೂರಲು ಹೇಳಿದರು. ಅವರು ಯಾರನ್ನೂ ಕೂರಿಸುವವರಲ್ಲ, ಹಾಗಾಗಿ ಕೆಲಸ ಆಯಿತು ಎಂದೇ ತಿಳಿದೆ.

‘ನಿಮಗೊಂದ್ ಥ್ಯಾಂಕ್ಸ್ ಹೇಳ್ಬೇಕು,’ ಅಂದರು. ‘ಇಷ್ಟ್ ವರ್ಷ ಈ ಕುರ್ಚೀಲಿ ಕೂತಿದೀನಿ, ಯಾರು ಹೇಗೆ ಅಂತ ಗೊತ್ತಾಗ್ತಿರ್ಲಿಲ್ಲ. ಎಲ್ರೂ ಬರ್ತಾರೆ, ನಮಸ್ಕಾರ ಸಾರ್ ಅಂತಾರೆ, ಟೈಪ್ ಮಾಡ್ತಾರೆ. ಕಷ್ಟ ಬಂದಾಗ ತಾನೇ ಮನುಷ್ಯನ ಬಂಡವಾಳ ಗೊತ್ತಾಗೋದು? ನಿಮ್ ಆಟ ಅದನ್ನ ತೋರಿಸ್ತು.’

‘ಹೌದು ಸಾರ್.’

‘ನಿಮ್ ಅತ್ತಿಗೆ ವಿಷ್ಯ. ಹೆಂಗಸು ಒಳ್ಳೆಯವ್ರು. ಆದ್ರೆ ನೀವೇ ನೋಡಿದೀರಲ್ಲ, ಹೋದ್ ಕಡೆ ಎಲ್ಲಾ ಬೀಳ್ತಾರೆ. ಹಳ್ಳ ಅಂದ್ರೆ ಹಳ್ಳ, ಬಾವಿ ಅಂದ್ರೆ ಬಾವಿ. ಬಿದ್ ಮೇಲೆ ತಾವೇ ಏನಾದ್ರೂ ಮಾಡ್ಬೇಕು ಅಂತಿಲ್ಲ, ಕಾಪಾಡಿ ಅಂತಾರೆ. ಎಷ್ಟ್ ಸಲ ಅಂತ ಕಾಪಾಡ್ಲಿ? ನಾಳೆ ನಾನು ಟ್ರಾನ್ಸ್‌ಫರ್ ಆದೆ ಅಂದ್ಕೊಳ್ಳಿ, ಇವರನ್ನ ಯಾರ್ ಎತ್ತಬೇಕು?’

‘ಸಾರ್, ಅದು ಬರೀ ಆಟ.’

‘ಅದಕ್ಕೇ ಹೇಳಿದ್ದು! ಆಟದಲ್ಲಿ ಯಾರೂ ನಾಟಕ ಆಡಲ್ಲ. ಸ್ವಂತ ನಿರ್ಧಾರ ತಗೊಳ್ಳೋ ಶಕ್ತಿ ಇಲ್ಲ, ಈಗಿರೋ ಹಾಗೇ ತಾತ್ಕಾಲಿಕವಾಗಿ ಮುಂದುವರೀಲಿ ಅಂತ ಬರೆದಿದೀನಿ. ಸಂಜೆ ಕಳಿಸ್ತೀನಿ. ನಿಮ್ ಬಗ್ಗೆ ಮಾತ್ರ ಒಳ್ಳೇ ಮಾತು ಬರೆದಿದೀನಿ ನೋಡಿ. ಸ್ವಂತ ಅತ್ತಿಗೆ ಅಂತ ನೋಡ್ದೆ ಬೀಳೋ ಕಡೆ ಬೀಳಿಸಿದ್ರಲ್ಲ, ಆ ನಿಷ್ಪಕ್ಷಪಾತ ನನಗೆ ತುಂಬಾ ಹಿಡಿಸ್ತು.’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ನಿಜ ಹೇಳಿಬಿಡೋಣ ಎಂದರೆ, ಏನೆಂದು ಹೇಳಲಿ? ಸಾರ್, ನೀವು ಗೆದ್ದದ್ದೆಲ್ಲ ಸುಳ್ಳು, ನಿಮ್ಮ ಸೀನಿಗೆ ಬಾಗಿಲು ತೆರೆದದ್ದು ನನ್ನ ದಾಕ್ಷಿಣ್ಯಕ್ಕೆ, ಈಗ ಸಂತೋಷವಾಗಿ ನಮ್ಮ ಅತ್ತಿಗೆಯನ್ನು ಖಾಯಂ ಮಾಡಿ ಎಂದೇ? ಎದ್ದು ಬಂದೆ.

ಅತ್ತಿಗೆ ಫಿಲ್ಟರ್ ಹತ್ತಿರ ನೀರು ಹಿಡಿಯುತ್ತಿದ್ದರು. ಹೇಳಿದೆ. ಲೋಟ ತುಂಬಿ ನೀರು ಕೈಮೇಲೆ ಹರಿದರೂ ನಲ್ಲಿ ತಿರುಗಿಸಲಿಲ್ಲ.

‘ನಾನ್ ಬಿದ್ನಾ?’ ಅಂದರು. ‘ಬೀಳಿಸ್ದೋಳು ನೀನು.’

‘ಅತ್ತಿಗೆ, ನಾನು ನಿಮ್ ಒಳ್ಳೇದಕ್ಕೆ…’

‘ನನ್ ಒಳ್ಳೇದನ್ನ ಒಂದ್ಸಲ ನನ್ನ ಕೇಳಿ ಮಾಡ್ಬಾರ್ದಾ ಯಾರೂ? ಸಾಹೇಬ್ರೊಂದ್ ಕಡೆ, ನೀನೊಂದ್ ಕಡೆ. ಬೇಡ ಅಂದೆ ತಾನೇ ನಾನು?’ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಿತ್ತು. ‘ಸಂಜೆ ತಾನೇ ಕಳಿಸೋದು? ಮಧ್ಯಾಹ್ನ ಆಟ ಇದೆ. ಇವತ್ತು ಯಾರನ್ನೂ ಬೀಳಿಸ್ಬೇಡ, ಯಾರನ್ನೂ ಎತ್ಬೇಡ. ದಾಳ ಏನ್ ಹೇಳತ್ತೋ ಅದನ್ನೇ ಬರಿ. ಅವ್ರೂ ನೋಡ್ಲಿ, ನಾನೂ ನೋಡ್ತೀನಿ.’

ನನಗೆ ಆ ಕ್ಷಣ ಅತ್ತಿಗೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದರೆ ಅದಕ್ಕೂ ಬೈಯುತ್ತಿದ್ದರು.

ಮಧ್ಯಾಹ್ನ ಆಟಕ್ಕೆ ಕೂತೆವು. ಮುಂದೆ ಒಂದು ಕಂದಕ, ಕೆಳಗೆ ಕಾಣದಷ್ಟು ಆಳ, ಆಚೆ ದಡದಲ್ಲಿ ಹೋಗಬೇಕಾದ ಊರು.

‘ಹಗ್ಗ ಕಟ್ಟಿಕೊಂಡು ಒಬ್ಬೊಬ್ಬರಾಗಿ ದಾಟೋಣ,’ ಎಂದಳು ಕೊಡಲಿ.

‘ಅನಗತ್ಯ ವಿಳಂಬ. ಸದರಿ ಕಂದಕವನ್ನು ಜಿಗಿದು ದಾಟಲು ತೀರ್ಮಾನಿಸಿರುತ್ತೇನೆ,’ ಎಂದರು ಚಕ್ರವರ್ತಿಗಳು. ದಾಳ ಹಾಕಿದರು. ನಾಲ್ಕು.

ಅಭ್ಯಾಸಬಲದಿಂದ ನನ್ನ ಬೆರಳು ಆಗಲೇ ಒಂದು ಹದ್ದನ್ನು ಕರೆಯಲು ಹೊರಟಿತ್ತು. ಅಳಿಸಿದೆ. ಬರೆದೆ: ‘ಚಕ್ರವರ್ತಿಗಳ ಕಾಲು ಆಚೆ ದಡ ಮುಟ್ಟಲಿಲ್ಲ. ಕೆಳಗೆ ಬೀಳುವಾಗ ಒಂದು ಬೇರು ಕೈಗೆ ಸಿಕ್ಕಿತು. ನೇತಾಡುತ್ತಿದ್ದಾರೆ.’

ಆಮೇಲೆ ಬಂತು: ‘ಮೇಲೆ ಹತ್ತಲು ಕ್ರಮ ಕೈಗೊಳ್ಳಲಾಗಿದೆ.’ ದಾಳ. ಒಂದು.

‘ಬೇರು ಕಿತ್ತು ಬರುತ್ತಿದೆ,’ ಎಂದು ಬರೆದೆ.

‘ನಿಮ್ಮ ನಿರ್ಣಯವನ್ನು ಮರುಪರಿಶೀಲಿಸತಕ್ಕದ್ದು.’

‘ದಾಳ ಒಂದು ಸಾರ್.’

‘ಈ ಹಿಂದೆ ಒಂದು ಬಿದ್ದಾಗ ರಾಕ್ಷಸ ಸತ್ತಿದ್ದನು.’

‘ಇಲ್ಲಿ ರಾಕ್ಷಸ ಇಲ್ಲ ಸಾರ್. ನೀವೊಬ್ಬರೇ.’

ಗಾಜಿನ ಆಚೆ ಸಾಹೇಬರು ಎದ್ದು ನಿಂತದ್ದು ಕಂಡಿತು. ಗೊಣಗಪ್ಪನವರು ‘ನನಗೆ ಗಿರಾಕಿ ಬಂದಿದ್ದಾರೆ, ಕಳ್ಳ ಈಗ ಇಲ್ಲಿಲ್ಲ’ ಎಂದು ಬರೆದು ಮಾಯವಾದರು. ಉಳಿದವಳು ಕೊಡಲಿ ಒಬ್ಬಳೇ. ಅವಳ ಹೆಸರಿನ ಪಕ್ಕದಲ್ಲಿ ‘ಟೈಪ್ ಮಾಡುತ್ತಿದ್ದಾರೆ’ ಎಂಬ ಅಕ್ಷರಗಳು ಮೂಡಿದವು, ಅಳಿದವು, ಮತ್ತೆ ಮೂಡಿದವು. ಬೇಕಿದ್ದರೆ ಅತ್ತಿಗೆ ಸುಮ್ಮನೆ ಕೂರಬಹುದಿತ್ತು. ಅವರ ಜಾಗದಲ್ಲಿ ನಾನಿದ್ದರೆ ಬೇರನ್ನು ನಾನೇ ಕೊಯ್ದು, ಆಳ ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದೆ.

‘ಕೊಡಲಿ ಅಂಚಿನಲ್ಲಿ ಬೋರಲು ಮಲಗಿದಳು. ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದು ಇನ್ನೊಂದನ್ನು ಕೆಳಗೆ ಎಸೆದಳು. ಹಿಡ್ಕೊಳ್ಳಿ. ಕೆಳಗೆ ನೋಡಬೇಡಿ. ನಾನಿದ್ದೀನಿ.’

ಅತ್ತಿಗೆ ದಾಳ ಹಾಕಿದರು. ಹದಿನೆಂಟು.

ಇಷ್ಟು ದಿನ ಸುಳ್ಳು ಬರೆದ ಬೆರಳಿಗೆ ಅಂದು ಹಬ್ಬ. ಕೊಡಲಿಯ ಅಂಗೈ ಹಗ್ಗಕ್ಕೆ ಸುಲಿದದ್ದು, ಹಿಮ್ಮಡಿ ಮಣ್ಣಲ್ಲಿ ಹೂತದ್ದು, ಒಂದೊಂದೇ ಹಿಡಿ ಎಳೆದು ಕಿರೀಟ ಸಮೇತ ಅವರನ್ನು ಮೇಲೆ ತಂದು ನೆಲದ ಮೇಲೆ ಕೂರಿಸಿದ್ದು, ಎಲ್ಲ ಬರೆದೆ. ಬರೆಯುವಾಗ ಕಣ್ಣು ತುಂಬಿ ಅಕ್ಷರ ಮಸುಕಾಯಿತು. ಹಲಗೆಯ ಮೇಲಿಂದ ಇಣುಕಿದರೆ ಅತ್ತಿಗೆಯ ಮುಖ ಅರಳಿತ್ತು, ಕೆನ್ನೆ ಕೆಂಪಾಗಿತ್ತು, ಎಷ್ಟೋ ದಿನದ ಮೇಲೆ. ಇನ್ನೇನು, ಕಣ್ಣಾರೆ ಕಂಡ ಮೇಲೂ ಸಾಹೇಬರು ಆ ಶಿಫಾರಸನ್ನು ಹರಿಯದೇ ಇರುತ್ತಾರೆಯೇ ಅಂದುಕೊಂಡೆ. ಸಾಹೇಬರು ಕ್ಯಾಬಿನ್ನಿನಲ್ಲಿ ಮತ್ತೆ ಕೂತು ಏನನ್ನೋ ಟೈಪ್ ಮಾಡುತ್ತಿದ್ದರು. ಆಟದ ಕಿಟಕಿಯಲ್ಲಿ ಮಾತ್ರ ಏನೂ ಬರಲಿಲ್ಲ.

ಗಿರಾಕಿಗಳು ಎಚ್ಚರಗೊಂಡು ಮತ್ತೆ ಬೈಯತೊಡಗಿದ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಸಾಹೇಬರು ಕೋಣೆಯುದ್ದಕ್ಕೂ ನಡೆದು ಬಂದು ಅತ್ತಿಗೆಯ ಮೇಜಿನ ಪಕ್ಕ ನಿಂತರು. ಮುಖದಲ್ಲಿ ದೊಡ್ಡವರ ಮೆಲುನಗೆ. ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

‘ಚೆನ್ನಾಗಿ ಎಳೆದ್ರಿ. ನಾನು ಮೆಚ್ಚಿದೆ,’ ಅಂದರು. ‘ಆದ್ರೆ ಒಂದ್ ಮಾತು. ಹಗ್ಗ ಎಸೆಯೋ ಮುಂಚೆ ನನ್ನನ್ನ ಕೇಳ್ಬೇಕಿತ್ತು. ನನ್ ಮನಸ್ಸಲ್ಲಿ ಬೇರೆ ಯೋಜನೆ ಇತ್ತು.’

‘ಯಾವ್ ಯೋಜನೆ ಸಾರ್?’ ಅತ್ತಿಗೆ ಕೇಳಿದರು.

‘ಅದು ಈಗ ಅಪ್ರಸ್ತುತ. ಮೇಲಿನವರ ಅನುಮತಿ ಇಲ್ದೆ ಮುನ್ನುಗ್ಗೋದು ಒಳ್ಳೇ ಲಕ್ಷಣ ಅಲ್ಲ ನೋಡಿ. ಅದನ್ನೂ ಸೇರಿಸ್ಬೇಕಾಯ್ತು.’

‘ಸ್ವಂತ ನಿರ್ಧಾರ ಇಲ್ಲ ಅಂತ ಬರೆದಿದ್ರಂತಲ್ಲ?’

‘ಅದೂ ಇದೆ. ಅದರ ಕೆಳಗೆ ಇದು. ಈಗ ತಾನೇ ಕಳಿಸ್ದೆ. ಬೇಜಾರ್ ಮಾಡ್ಕೋಬೇಡಿ, ಮುಂದಿನ್ ಸಲ ನೋಡೋಣ.’

ಕೋಣೆಯಲ್ಲಿ ಒಂದೊಂದಾಗಿ ಕೀಲಿಗಳ ಸದ್ದು ನಿಂತಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅತ್ತಿಗೆ ಕೈಯಿಂದಲೇ ನನ್ನನ್ನು ಕೂರಿಸಿದರು. ನಿಧಾನವಾಗಿ ಎದ್ದು ನಿಂತರು. ಸಾಹೇಬರಿಗಿಂತ ಅತ್ತಿಗೆ ಎತ್ತರ ಎನ್ನುವುದು ಆವತ್ತಿನವರೆಗೂ ನಮಗೆ ಯಾರಿಗೂ ಗೊತ್ತಿರಲಿಲ್ಲ.

‘ಆಗ್ಲಿ ಸಾರ್,’ ಅಂದರು, ಇಡೀ ಕೋಣೆಗೆ ಕೇಳುವ ಹಾಗೆ. ‘ಹಾಗಾದ್ರೆ ಇನ್ನೊಂದ್ ಸಲ ಬೀಳಿ. ಈ ಸಲ ನಿಮ್ ಆರ್ಡರ್ ಬರೋವರೆಗೂ ಕಾಯ್ತೀನಿ.’